ರಕ್ತಪರೀಕ್ಷೆಯ ಅಂಕಿಗಳು ಏನು ಹೇಳುತ್ತವೆ? ಪ್ಯಾಥಾಲಜಿ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಈ ವಾರ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಹಾಸನದ ಪ್ರಯೋಗಾಲಯವೊಂದರ ಪ್ಯಾಥಾಲಜಿ ವೈದ್ಯೆ. ವರದಿಯ ಚಿತ್ರ ಹಾಕುವವರು ಹೆಸರು, ಮೊಬೈಲ್ ಸಂಖ್ಯೆಯನ್ನು ಮರೆಮಾಡಿ ಹಾಕಿ.

ಪ್ರಶ್ನೆ (ಮೂಡಿಗೆರೆಯಿಂದ): ನನಗೆ 38 ವರ್ಷ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋತುಹೋಗುತ್ತವೆ. ಹಿಮೋಗ್ಲೋಬಿನ್ 8.9 ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ್ದೇನೆ, ಈಗ 9.1. ಬೀಟ್‌ರೂಟ್ ರಸವನ್ನೂ ತಪ್ಪದೆ ಕುಡಿಯುತ್ತಿದ್ದೇನೆ. ಇದರ ಮೇಲೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿದೆ. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ 91. ರಕ್ತವೂ ಇಲ್ಲ, ಸಕ್ಕರೆ ಕಾಯಿಲೆಯೂ ಶುರುವಾಯಿತೇ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ವರದಿಯನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಕಾಯಿಲೆಗಳಿಲ್ಲ, ಬಹುಶಃ ಒಂದೇ ಇದೆ: ಕಬ್ಬಿಣ ಸಾಲದೆ ಬಂದ ರಕ್ತಹೀನತೆ.

ಹಿಮೋಗ್ಲೋಬಿನ್‌ನ ಕೆಳಗೆ ಎಂಸಿವಿ ಎಂಬ ಸಾಲಿದೆ, ನೋಡಿ. ಅದು ಒಂದು ಕೆಂಪು ಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100ರ ನಡುವೆ ಇರಬೇಕು, ನಿಮ್ಮದು 68. ಅದರ ಕೆಳಗಿನ ಆರ್‌ಡಿಡಬ್ಲ್ಯೂ 19 ಇದೆ. ಎಂದರೆ ಕಣಗಳು ಚಿಕ್ಕವಾಗಿರುವುದಷ್ಟೇ ಅಲ್ಲ, ಒಂದೊಂದೂ ಒಂದೊಂದು ಅಳತೆಯಲ್ಲಿವೆ. ಇಂತಹ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಆರೋಗ್ಯವಂತರ ಕಣದಲ್ಲಿ ನಡುವಿನ ಮೂರನೇ ಒಂದು ಭಾಗ ಮಾತ್ರ ತಿಳಿಯಾಗಿರುತ್ತದೆ. ಕಬ್ಬಿಣ ಸಾಲದವರ ಕಣದಲ್ಲಿ ಅಂಚಿನಲ್ಲೊಂದು ತೆಳುವಾದ ಕೆಂಪು ಉಂಗುರ ಉಳಿದು, ಒಳಗೆಲ್ಲ ಬರಿದಾಗಿರುತ್ತದೆ. ನಡುನಡುವೆ ಪೆನ್ಸಿಲ್‌ನಂತೆ ಉದ್ದನೆಯ ಕಣಗಳೂ ಸಿಗುತ್ತವೆ. ವಂಶಪಾರಂಪರ್ಯವಾಗಿ ಬರುವ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯಲ್ಲೂ ಕಣಗಳು ಚಿಕ್ಕವಾಗುತ್ತವೆ. ಆದರೆ ಅದರ ವಾಹಕರಲ್ಲಿ ಆರ್‌ಡಿಡಬ್ಲ್ಯೂ ಸಾಮಾನ್ಯವಾಗಿ ಇಷ್ಟು ಏರುವುದಿಲ್ಲ. ಖಚಿತಪಡಿಸಿಕೊಳ್ಳಲು ಫೆರಿಟಿನ್ ಪರೀಕ್ಷೆ ಮಾಡಿಸಿ. ದೇಹ ಕೂಡಿಟ್ಟುಕೊಂಡ ಕಬ್ಬಿಣದ ಲೆಕ್ಕವನ್ನು ಅದು ಹೇಳುತ್ತದೆ. 15ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಬರಿದಾಗಿದೆ ಎಂದೇ ಅರ್ಥ. ಜ್ವರ, ಸೋಂಕು ಇರುವಾಗ ಮಾತ್ರ ಮಾಡಿಸಬೇಡಿ, ಆಗ ಫೆರಿಟಿನ್ ಸುಳ್ಳಾಗಿ ಏರುತ್ತದೆ.

ಇನ್ನು ಆ 6.1. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದಲ್ಲಿನ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಅಂಟುತ್ತಾ ಹೋಗುತ್ತದೆ. ಎಚ್‌ಬಿಎ1ಸಿ ಅಳೆಯುವುದು ಆ ಅಂಟನ್ನು. ಕಬ್ಬಿಣ ಸಾಲದಾಗ ಹೊಸ ಕಣಗಳು ನಿಧಾನವಾಗಿ ಹುಟ್ಟುತ್ತವೆ, ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯವಕ್ಕೆ ಅಂಟು ಜಾಸ್ತಿ. ಹಾಗಾಗಿ ಸಕ್ಕರೆ ಏರದಿದ್ದರೂ ಅಂಕಿ ಏರಬಹುದು. 5.7ರಿಂದ 6.4 ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದು ವರದಿಯ ಅಡಿಯಲ್ಲಿ ಅಚ್ಚಾಗಿರುತ್ತದೆ, ಅದನ್ನು ಓದಿ ನೀವು ಹೆದರಿದ್ದೀರಿ. ರಕ್ತಹೀನತೆ ವಾಸಿಯಾದ ಮೇಲೆ ಮತ್ತೆ ಮಾಡಿಸಿ. ಅಷ್ಟರಲ್ಲಿ ಅನುಮಾನವಿದ್ದರೆ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ಮಾಡುವ ಪರೀಕ್ಷೆ ಸಾಕು.

ಈಗ ನನ್ನ ಪ್ರಶ್ನೆ: ಮಾತ್ರೆಯನ್ನು ಯಾವ ಹೊತ್ತಿನಲ್ಲಿ, ಯಾವುದರ ಜೊತೆ ನುಂಗುತ್ತೀರಿ? ಮುಟ್ಟಿನಲ್ಲಿ ಎಷ್ಟು ದಿನ ರಕ್ತ ಹೋಗುತ್ತದೆ? ತೋಟದ ಕೆಲಸ ಮಾಡುತ್ತೀರಾ?

ಪ್ರಶ್ನಿಸಿದವರು: ಬೆಳಗ್ಗೆ ತಿಂಡಿಯಾದ ಮೇಲೆ, ಕಾಫಿಯ ಜೊತೆ. ಹೊಟ್ಟೆ ಉರಿಗೆ ಗ್ಯಾಸ್ ಮಾತ್ರೆಯೂ ಇದೆ. ಮುಟ್ಟು ಐದು ದಿನ, ವಿಪರೀತವೇನಿಲ್ಲ. ಕೊಯ್ಲಿನ ಕಾಲದಲ್ಲಿ ಆಳುಗಳ ಜೊತೆ ನಾನೂ ತೋಟಕ್ಕೆ ಇಳಿಯುತ್ತೇನೆ. ಚಪ್ಪಲಿ ಜಾರುತ್ತದೆ ಎಂದು ಬರಿಗಾಲು.

ಉತ್ತರ: ಮಾತ್ರೆ ಏಕೆ ಹತ್ತಲಿಲ್ಲ ಎಂಬುದಕ್ಕೆ ಮೂರು ಕಾರಣಗಳನ್ನು ನೀವೇ ಬರೆದಿದ್ದೀರಿ. ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತವೆ. ಕಾಫಿ ಬಿಡಿ ಎಂದು ಮಲೆನಾಡಿನವರಿಗೆ ಹೇಳುವಷ್ಟು ಕಠಿಣಳಲ್ಲ ನಾನು. ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆಯ ಅಂತರವಿರಲಿ. ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ ನಿಂಬೆಹಣ್ಣಿನ ನೀರಿನೊಂದಿಗೆ ನುಂಗಿ. ಕಬ್ಬಿಣ ಹೀರಿಕೊಳ್ಳಲು ಜಠರದ ಆಮ್ಲ ಬೇಕು, ಗ್ಯಾಸ್ ಮಾತ್ರೆ ಅದನ್ನೇ ತಗ್ಗಿಸುತ್ತದೆ. ಅದು ನಿಜವಾಗಿಯೂ ಬೇಕೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಮೂರನೆಯದು ಬರಿಗಾಲು. ಕೊಕ್ಕೆಹುಳುವಿನ ಮರಿಗಳು ತೇವದ, ನೆರಳಿನ ಮಣ್ಣಿನಲ್ಲಿ ಬೆಳೆದು, ಪಾದದ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಕರುಳಿನ ಗೋಡೆಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತವೆ. ಕಾಫಿ ತೋಟದ ಮಣ್ಣು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಲಪರೀಕ್ಷೆ ಮಾಡಿಸಿ. ಹುಳುವಿನ ಮೊಟ್ಟೆ ಕಂಡರೆ ಅಗ್ಗದ ಮಾತ್ರೆಯಲ್ಲೇ ವಾಸಿಯಾಗುತ್ತದೆ. ನಿಮ್ಮ ಆಳುಗಳಿಗೂ ಪರೀಕ್ಷೆ ಮಾಡಿಸಿ, ಎಲ್ಲರಿಗೂ ಗಂಬೂಟು ಕೊಡಿಸಿ. ಇದನ್ನು ಕೈಮುಗಿದು ಕೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ‘ಹೆಂಗಸರಿಗೆ ಸುಸ್ತು ಇದ್ದದ್ದೇ’ ಎಂದು ಸುಮ್ಮನಾಗುವ ಮನೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೀಟ್‌ರೂಟ್ ತಿನ್ನಿ, ಒಳ್ಳೆಯ ತರಕಾರಿ. ಅದರಲ್ಲಿ ಬಣ್ಣವಿರುವಷ್ಟು ಕಬ್ಬಿಣವಿಲ್ಲ.

ಇನ್ನೊಬ್ಬ ಸದಸ್ಯೆ (ಬೇಲೂರು): ನಮ್ಮವರಿಗೂ ಹಿಮೋಗ್ಲೋಬಿನ್ 9 ಇದೆ. 57 ವರ್ಷ. ಅದೇ ಮಾತ್ರೆ ಕೊಡಬಹುದೇ?

ಉತ್ತರ: ಮಾತ್ರೆ ಕೊಟ್ಟು ಕಾಯಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ. ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಟ್ಟಿಲ್ಲದ ಗಂಡಸಿನಲ್ಲಾಗಲಿ, ಮುಟ್ಟು ನಿಂತ ಹೆಂಗಸಿನಲ್ಲಾಗಲಿ ಕಬ್ಬಿಣ ಖಾಲಿಯಾಗಿದ್ದರೆ ಎಲ್ಲೋ ರಕ್ತ ಸೋರುತ್ತಿರಬಹುದು. ಜಠರದ ಹುಣ್ಣು, ಮೂಲವ್ಯಾಧಿ, ಕೆಲವೊಮ್ಮೆ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಮೊದಲು ಕಾಣಿಸಿಕೊಳ್ಳುತ್ತದೆ. ಮಲ ಕಪ್ಪಾಗಿ ಹೋಗುತ್ತಿದೆಯೇ, ತೂಕ ಇಳಿದಿದೆಯೇ ಎಂದು ಇವತ್ತೇ ವಿಚಾರಿಸಿ.

ಪ್ರಶ್ನೆ (ಹಾಸನ ನಗರದಿಂದ): 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂದಾಗಿನಿಂದ ಮನೆಯಲ್ಲಿ ಎಲ್ಲರಿಗೂ ದಿಗಿಲು. ಹೃದಯಾಘಾತ ಆಗುತ್ತದೆಯೇ ಎಂದು ಮೊದಲೇ ತಿಳಿಸುವ ರಕ್ತಪರೀಕ್ಷೆ ಇದೆಯೇ? ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ಮಾಡಿಸಲೇ?

ಉತ್ತರ: ಆ ದಿನಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದು ನೆನಪಿದೆ. ಆಘಾತದ ದಿನಾಂಕ ಹೇಳುವ ಪರೀಕ್ಷೆ ಇಲ್ಲ. ಟ್ರೋಪೋನಿನ್ ಪರೀಕ್ಷೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆ ಎಂದು ಹೇಳುತ್ತದೆ, ಪೆಟ್ಟಾಗಲಿದೆ ಎಂದಲ್ಲ. ಅದೂ ನೋವು ಶುರುವಾಗಿ ಕೆಲವು ಗಂಟೆಗಳ ಮೇಲೆ ಏರುತ್ತದೆ. ಆದ್ದರಿಂದ ಎದೆನೋವು ಬಂದಾಗ ಪ್ರಯೋಗಾಲಯ ಹುಡುಕಿಕೊಂಡು ಬರಬೇಡಿ, ಇಸಿಜಿ ಇರುವ ಆಸ್ಪತ್ರೆಗೆ ಓಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ತಜ್ಞರಿಗೆ ತೋರಿಸುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆ ಇದೆ.

ಮುಂಚಿತವಾಗಿ ಮಾಡಿಸಬೇಕಾದದ್ದು ಕೊಲೆಸ್ಟ್ರಾಲ್, ಸಕ್ಕರೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್. ಜೊತೆಗೆ ರಕ್ತದೊತ್ತಡ, ಅದಕ್ಕೆ ಸೂಜಿಯೇ ಬೇಡ. ಮನೆತನದಲ್ಲಿ ಯಾರಿಗಾದರೂ ಎಳೆಯ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಲಿಪೊಪ್ರೊಟೀನ್-ಎ (ಕೊಲೆಸ್ಟ್ರಾಲ್ ಹೊತ್ತೊಯ್ಯುವ ಒಂದು ಬಗೆಯ ಕಣ) ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿ. ಅದು ಹುಟ್ಟಿನಿಂದ ಬರುವಂಥದ್ದು, ಹೆಚ್ಚು ಬದಲಾಗುವುದಿಲ್ಲ.

ಪ್ಯಾಕೇಜ್ ಬೇಡ. ಬಹುತೇಕ ಪರೀಕ್ಷೆಗಳಲ್ಲಿ ‘ಸಾಮಾನ್ಯ ಮಿತಿ’ ಎಂದರೆ ಆರೋಗ್ಯವಂತರಲ್ಲಿ ಶೇ 95 ಮಂದಿಯ ಅಂಕಿಗಳು ಬೀಳುವ ಅಂತರ. ಉಳಿದ ಶೇ 5 ಮಂದಿಯೂ ಆರೋಗ್ಯವಂತರೇ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಗಟ್ಟಿಮುಟ್ಟಾದ ಒಬ್ಬರಿಗೆ ಮಾಡಿದರೆ, ಒಂದಾದರೂ ಮಿತಿ ದಾಟುವ ಸಾಧ್ಯತೆ ಶೇ 64. ಎಂಬತ್ತು ಮಾಡಿಸಿದರೆ ಕೆಂಪಕ್ಷರದ ಸಾಲೊಂದು ಸಿಕ್ಕೇ ಸಿಗುತ್ತದೆ. ಆಮೇಲೆ ಅದರ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆದಾಟ.

ಪ್ರಶ್ನೆ (ಕೊಪ್ಪದಿಂದ): ಮೂರು ದಿನದಿಂದ ಜ್ವರ, ತಲೆನೋವು. ಪ್ಲೇಟ್‌ಲೆಟ್ 1.1 ಲಕ್ಷ. ಡೆಂಗಿ ಇಲ್ಲ ಎಂದು ಬಂತು. ಸುಮ್ಮನಿರಬಹುದೇ?

ಉತ್ತರ: ಬೇಡ. ಕಾಡಂಚಿಗೆ, ದರಗು (ಒಣ ಎಲೆ) ತರಲು ಹೋಗಿದ್ದರೆ, ಮೈಮೇಲೆ ರಕ್ತ ಹೀರುವ ಉಣ್ಣೆ ಹುಳು ಹತ್ತಿದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಆ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ನಿಮ್ಮ ತಾಲ್ಲೂಕಿನಲ್ಲೂ ಇದೆ. ಅದರಲ್ಲೂ ಪ್ಲೇಟ್‌ಲೆಟ್, ಬಿಳಿ ಕಣ ಎರಡೂ ಇಳಿಯುತ್ತವೆ. ಅದಕ್ಕೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯೇ ಬೇಕು, ಪೇಟೆಯ ಪ್ರಯೋಗಾಲಯಗಳಲ್ಲಿ ಮಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಇವತ್ತೇ ಹೋಗಿ. ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ.

ಪ್ರಶ್ನೆ (ಅರಸೀಕೆರೆಯಿಂದ): ಅಮ್ಮನ ಪೊಟ್ಯಾಸಿಯಂ 6.5 ಬಂದಿದೆ. ಆರೋಗ್ಯವಾಗಿಯೇ ಇದ್ದಾರೆ. ಏನು ಮಾಡಲಿ?

ಉತ್ತರ: ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ತೆಗೆಸಿ, ರಕ್ತವನ್ನು ಮತ್ತೆ ಕೊಡಿಸಿ. ನಿಜವಾದ 6.5 ಹೃದಯದ ಬಡಿತಕ್ಕೆ ಅಪಾಯ. ಸುಳ್ಳೂ ಆಗಿರಬಹುದು. ನನ್ನ ತಂದೆಯ ರಕ್ತವನ್ನು ಊರಿನಲ್ಲಿ ಬೆಳಗ್ಗೆ ತೆಗೆದು, ಬಸ್ಸಿನಲ್ಲಿ ಕಳುಹಿಸಿ, ಸಂಜೆ ಯಂತ್ರಕ್ಕೆ ಹಾಕಿದ್ದರು. ಪೊಟ್ಯಾಸಿಯಂ 6.8 ಎಂದು ಬಂತು. ರಾತ್ರಿಯಿಡೀ ತುರ್ತು ಘಟಕದಲ್ಲಿ ಅವರ ಕೈ ಹಿಡಿದು ಕೂತಿದ್ದೆ. ಹೊಸದಾಗಿ ತೆಗೆದ ರಕ್ತದಲ್ಲಿ 4.3. ಮರುದಿನ ಆ ಹಳೆಯ ಕೊಳವೆಯನ್ನು ತರಿಸಿ ನೋಡಿದೆ. ಒಣಹುಲ್ಲಿನ ಬಣ್ಣದಲ್ಲಿರಬೇಕಿದ್ದ ದ್ರವ ಕೋಕಂ ಪಾನಕದಂತೆ ಕೆಂಪಗಿತ್ತು. ಕುಲುಕಾಟದಲ್ಲಿ ಕಣಗಳು ಒಡೆದು, ಒಳಗಿನ ಪೊಟ್ಯಾಸಿಯಂ ಹೊರಗೆ ಸುರಿದಿತ್ತು. ರಕ್ತ ಕೊಡುವಾಗ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಟ್ಟರೂ ಅದು ಏರುತ್ತದೆ. ರಕ್ತ ತೆಗೆದ ಹೊತ್ತೆಷ್ಟು, ಯಂತ್ರಕ್ಕೆ ಹಾಕಿದ ಹೊತ್ತೆಷ್ಟು ಎಂದು ಕೇಳುವುದು ನಿಮ್ಮ ಹಕ್ಕು.

ಮೂಡಿಗೆರೆಯ ಸದಸ್ಯೆ (ಆರು ವಾರಗಳ ನಂತರ): ಫೆರಿಟಿನ್ 6 ಇತ್ತು. ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು, ಮಾತ್ರೆ ತೆಗೆದುಕೊಂಡೆ. ಜೊತೆಗೆ ತೋಟದ ಏಳು ಜನರಿಗೆ ಪರೀಕ್ಷೆ ಮಾಡಿಸಿದೆವು, ನಾಲ್ವರಲ್ಲಿ ಹುಳುವಿತ್ತು. ಕಾಫಿ ಈಗ ಹತ್ತು ಗಂಟೆಗೆ. ಹಿಮೋಗ್ಲೋಬಿನ್ 11.2. ಮಾತ್ರೆ ನಿಲ್ಲಿಸಲೇ?

ಉತ್ತರ: ಓದಿ ಕಣ್ಣು ತುಂಬಿತು. ಆ ನಾಲ್ವರಿಗೂ ಹಿಮೋಗ್ಲೋಬಿನ್ ನೋಡಿಸಿ. ನೀವು ಈಗಲೇ ನಿಲ್ಲಿಸಬೇಡಿ. 12 ದಾಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ದಾಸ್ತಾನು ತುಂಬುತ್ತದೆ. ಎಚ್‌ಬಿಎ1ಸಿ ಆಗ ಮಾಡಿಸಿ, ಈಗ ಬೇಡ.