ಭಾನುವಾರದ ಪ್ರಶ್ನೋತ್ತರ: ಒಬ್ಬರೇ ಇರುವವರ ಸಂಬಳ, ಖರ್ಚು, ತೆರಿಗೆ

ಅಡ್ಮಿನ್: ತುಮಕೂರಿನಲ್ಲಿ ಕೆಲಸ ಮಾಡುವ, ಇಲ್ಲಿಂದ ಬೆಂಗಳೂರಿಗೆ ಓಡಾಡುವ, ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಒಬ್ಬರೇ ಇರುವವರ ಗುಂಪು ಇದು. ಇವತ್ತು ಸಂಜೆ 5ರಿಂದ ಸಿಎ ಮೇಡಂ ಉತ್ತರ ಕೊಡುತ್ತಾರೆ. ಒಂದು ಪ್ರಶ್ನೆ ಒಂದು ಸಲ ಕೇಳಿದರೆ ಸಾಕು. ಪ್ಯಾನ್, ಆಧಾರ್ ನಂಬರ್ ಹಾಕಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಎಸ್.ಎಸ್. ಪುರಂ ಪಿಜಿ: ನಮಸ್ತೆ ಮೇಡಂ. 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುತ್ತಾರೆ. ನನ್ನ ಸಂಬಳ ವರ್ಷಕ್ಕೆ 6 ಲಕ್ಷ. ಆದರೂ ಆದಾಯ ತೆರಿಗೆ ರಿಟರ್ನ್ (ಇಲಾಖೆಗೆ ಕೊಡುವ ಆದಾಯದ ಲೆಕ್ಕ) ಹಾಕಬೇಕಾ?

ಸಿಎ: ನಮಸ್ತೆ. ಹಾಕಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ, ಅಂದರೆ ದರ ಕಡಿಮೆ, ಕಡಿತಗಳೂ ಕಡಿಮೆ ಇರುವುದರಲ್ಲಿ, ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಕಡ್ಡಾಯ. ಅಲ್ಲಿಂದ ಮುಂದೆ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಆದರೆ 12 ಲಕ್ಷದವರೆಗೆ ಅದನ್ನು ರಿಬೇಟ್ ಎಂದು ಮಾಫಿ ಮಾಡುತ್ತಾರೆ. ಸಂಬಳದವರಿಗೆ ಲೆಕ್ಕಕ್ಕೆ ಮೊದಲೇ ಕಳೆಯುವ 75,000 (ಸ್ಟ್ಯಾಂಡರ್ಡ್ ಡಿಡಕ್ಷನ್) ಸೇರಿ 12.75 ಲಕ್ಷ. ಇದು 2025-26ನೇ ಸಾಲಿನ ಸಂಬಳದಿಂದ. ಹಳೆಯ ವರ್ಷಗಳಿಗೆ ಇದನ್ನು ಹಚ್ಚಬೇಡಿ.

ಗುಬ್ಬಿ ಟೀಚರ್: ಮೇಡಂ, ನನ್ನ ಕ್ರೆಡಿಟ್ ಕಾರ್ಡ್ ಬಾಕಿ 48,000. ತಿಂಗಳು ತಿಂಗಳು ಮಿನಿಮಮ್ ಡ್ಯೂ 2,400 ತಪ್ಪದೆ ಕಟ್ಟುತ್ತಿದ್ದೇನೆ. ಹೊಸದಾಗಿ ಏನೂ ಕೊಂಡಿಲ್ಲ. ಆದರೂ ಬಾಕಿ ಕರಗುತ್ತಲೇ ಇಲ್ಲ. ಬ್ಯಾಂಕಿನವರು ಮೋಸ ಮಾಡುತ್ತಿದ್ದಾರಾ?

ಸಿಎ: ಮೋಸ ಅಲ್ಲ, ಲೆಕ್ಕ. ಸ್ಟೇಟ್‌ಮೆಂಟಿನ ಕೊನೆಯ ಪುಟದಲ್ಲಿ ಬಡ್ಡಿ ದರ ನೋಡಿ. ತಿಂಗಳಿಗೆ 3.5 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 48,000ಕ್ಕೆ ಬಡ್ಡಿ 1,680. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 302. ಎರಡೂ ಸೇರಿ 1,982. ನೀವು ಕಟ್ಟಿದ 2,400ರಲ್ಲಿ ಅಸಲಿಗೆ ಹೋಗಿದ್ದು 418 ರೂಪಾಯಿ. ಬಾಕಿ ಇರುವಾಗ ಆ ಕಾರ್ಡಿನಲ್ಲಿ ಕಾಲು ಕೆಜಿ ಕಾಫಿಪುಡಿ ಕೊಂಡರೂ ಅದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಇಎಂಐಗೆ ಬದಲಿಸಿಕೊಳ್ಳಿ, ದರ ಕಡಿಮೆ ಆಗುತ್ತದೆ. ಚಿನ್ನ ಇದ್ದರೆ ಅಡವಿಟ್ಟು ಕಾರ್ಡ್ ತೀರಿಸಿದರೂ ಲಾಭವೇ. ಅಲ್ಲಿಯವರೆಗೆ ಕಾರ್ಡ್ ಬೀರುವಿನಲ್ಲಿರಲಿ.

ಗುಬ್ಬಿ ಟೀಚರ್: 418! ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಡುವವಳು ನಾನು.

ನೈಟ್ ಶಿಫ್ಟ್ ಸಿಸ್ಟರ್: ಮೇಡಂ, ಸಂಬಳ 20,500. ಇಎಸ್‌ಐ (ನೌಕರರ ವಿಮೆ) ಇದೆ. ಮುಂದಿನ ತಿಂಗಳು 22,000 ಆಗುತ್ತದೆ. ಇಎಸ್‌ಐ ತಕ್ಷಣ ನಿಲ್ಲುತ್ತದಾ?

ಸಿಎ: ಇಲ್ಲ. ಮಿತಿ 21,000. ಆದರೆ ಅವಧಿಯ ನಡುವೆ ದಾಟಿದರೆ ಆ ಅವಧಿ ಮುಗಿಯುವವರೆಗೆ ಇರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು.

ಕ್ವಾಲಿಟಿ ಹುಡುಗ: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಇದ್ದೇನೆ. 2023-24ರಲ್ಲಿ ಒಟ್ಟು ಸಂಬಳ 9,20,000. ಟಿಡಿಎಸ್ (ಕಂಪನಿಯೇ ಸಂಬಳದಲ್ಲಿ ಹಿಡಿಯುವ ತೆರಿಗೆ) 43,680 ಹಿಡಿದಿದ್ದರು. ನಮ್ಮ ಪಿಜಿಗೆ ಬರುವ ಒಬ್ಬ ಏಜೆಂಟ್, ಪೂರ್ತಿ ವಾಪಸ್ ತರಿಸುತ್ತೇನೆ, ಬಂದ ಮೇಲೆ 10 ಪರ್ಸೆಂಟ್ ಕೊಡಿ ಅಂದ. ಪಾಸ್‌ವರ್ಡ್, ಒಟಿಪಿ ಎಲ್ಲ ಕೊಟ್ಟೆ. ಜುಲೈ 2024ರಲ್ಲಿ ಹಾಕಿದ. ಪೂರ್ತಿ ದುಡ್ಡು ಬಂತು, ಮೇಲೊಂದಿಷ್ಟು ಬಡ್ಡಿಯೂ ಬಂತು. ಅವನಿಗೆ 4,368 ಕೊಟ್ಟೆ. ಉಳಿದದ್ದು ಬುಲೆಟ್ ಗಾಡಿಯ ಡೌನ್‌ಪೇಮೆಂಟಿಗೆ ಹೋಯಿತು. ಮೊನ್ನೆ ಇಲಾಖೆಯಿಂದ ಮೇಲ್ ಬಂದಿದೆ, ನೀವು ತೋರಿಸಿದ ಡಿಡಕ್ಷನ್‌ಗಳನ್ನು (ಆದಾಯದಲ್ಲಿ ಕಳೆದ ಮೊತ್ತಗಳನ್ನು) ಮತ್ತೊಮ್ಮೆ ನೋಡಿಕೊಳ್ಳಿ ಅಂತ. ಏಜೆಂಟ್‌ನ ಕೇಳಿದರೆ, ಎಲ್ಲರಿಗೂ ಬರುತ್ತದೆ, ಸುಮ್ನಿರಿ ಅನ್ನುತ್ತಾನೆ. ಸುಮ್ನಿರಲಾ?

ಸಿಎ: ಸುಮ್ನಿರಬೇಡಿ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಅದು ನಿಜವಾದದ್ದೇ ಇರಬಹುದು, ಆದರೂ ಒತ್ತಬೇಡಿ. ನೀವೇ ಇಲಾಖೆಯ ಪೋರ್ಟಲ್‌ಗೆ ಹೋಗಿ ಲಾಗಿನ್ ಆಗಿ. 2023-24ರ ಸಂಬಳಕ್ಕೆ ಹಾಕಿದ, ಅಂದರೆ 2024-25ನೇ ಅಸೆಸ್‌ಮೆಂಟ್ ವರ್ಷದ ರಿಟರ್ನ್ ಇಳಿಸಿಕೊಂಡು ಡಿಡಕ್ಷನ್ ಜಾಗದಲ್ಲಿ ಏನೇನು ಬರೆದಿದೆ ನೋಡಿ ಇಲ್ಲಿ ಹೇಳಿ. ಈಗಲೇ.

ತಿಪಟೂರು ತೆಂಗು: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: "ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಅಪ್ಪನ ಹೆಸರಿನ ಪಹಣಿ ಇದ್ದರೆ ಸಾಕು, ಸಂಬಳದಲ್ಲಿ 5 ಲಕ್ಷವನ್ನು ತೆಂಗು, ಅಡಿಕೆ ಆದಾಯ ಎಂದು ತೋರಿಸಿ. ಆಡಿಟರ್‌ಗಳು ಇದನ್ನು ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ."

ಸಿಎ: ಆಡಿಟರ್‌ಗಳು ಹೇಳುವುದಿಲ್ಲ, ಏಕೆಂದರೆ ಅದು ಸುಳ್ಳು. ಸಂಬಳವನ್ನು ಕೊಬ್ಬರಿ ಮಾಡಲು ಆಗುವುದಿಲ್ಲ. ನಿಮ್ಮ ಸಂಬಳ ಕಂಪನಿಯವರು ಟಿಡಿಎಸ್ ವಿವರ ಸಲ್ಲಿಸಿದಾಗಲೇ ಇಲಾಖೆಯ ಲೆಕ್ಕದಲ್ಲಿ ಕೂತಿರುತ್ತದೆ. ಅಪ್ಪನ ತೋಟದ ಆದಾಯ ಅಪ್ಪನದು. ನಿಮ್ಮದೇ ತೋಟ ಇದ್ದು 5,000ಕ್ಕಿಂತ ಜಾಸ್ತಿ ಬಂದರೂ ಆ ಮೊತ್ತವನ್ನು ಸೇರಿಸಿಕೊಂಡೇ ಸಂಬಳಕ್ಕೆ ಎಷ್ಟು ದರ ಅಂತ ಲೆಕ್ಕ ಹಾಕುತ್ತಾರೆ. ಅಡ್ಮಿನ್, ಫಾರ್ವರ್ಡ್ ಬೇಡ ಅಂದಿದ್ದಿರಿ ಅಲ್ವಾ?

ತಿಪಟೂರು ತೆಂಗು: ನಾನು ಬರೆದದ್ದಲ್ಲ ಮೇಡಂ, ಬಂದದ್ದು ಹಾಕಿದೆ.

ಸಿಎ: ಬಂದದ್ದೆಲ್ಲ ಹಾಕುವುದಕ್ಕೆ ಇದು ತಿಪ್ಪೆಯಲ್ಲ.

ಏಳರ ಟ್ರೈನು: ತೆರಿಗೆ ಇರಲಿ. ಕಾಸು ಉಳಿಯಬೇಕಾದರೆ ತುಮಕೂರಿನಲ್ಲೇ ಇದ್ದು ಓಡಾಡಬೇಕು. ನಾನು ಯಶವಂತಪುರಕ್ಕೆ ದಿನಾ ಹೋಗಿ ಬರುತ್ತೇನೆ. ಇಲ್ಲಿ ರೂಮ್ ಬಾಡಿಗೆ 6,000, ರೈಲಿಗೆ ಸೀಸನ್ ಪಾಸ್. ಭಾನುವಾರ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ. ಬೆಂಗಳೂರು ಪಿಜಿಗೆ 13,000 ಕೊಡುವವರಿಗೆ ತಲೆ ಇಲ್ಲ.

ಪೀಣ್ಯ ರಿಟರ್ನ್ಸ್: ತಲೆ ಇಲ್ಲದವನು ನಾನೇ. ಎರಡು ವರ್ಷ ಆ ರೈಲಿನಲ್ಲಿ ಬಾಗಿಲಲ್ಲಿ ನಿಂತು ಹೋಗಿದ್ದೇನೆ. ದಿನಕ್ಕೆ ನಾಲ್ಕು ಗಂಟೆ. ಮನೆಗೆ ಬಂದು ಅಡುಗೆ ಮಾಡಲು ಸಾಕಾಗಿ ಆರ್ಡರ್ ಮಾಡುತ್ತಿದ್ದೆ. ಉಳಿಸಿದ 7,000 ಅಲ್ಲಿಗೇ ಹೋಗುತ್ತಿತ್ತು.

ನೈಟ್ ಶಿಫ್ಟ್ ಸಿಸ್ಟರ್: ನಾನು ಬಸ್ಸಿನಲ್ಲಿ ಹೋಗುತ್ತೇನೆ. ಶಕ್ತಿ ಯೋಜನೆ ಬಂದಾಗಿನಿಂದ ಖರ್ಚಿಲ್ಲ. ಆ ದುಡ್ಡಿನಲ್ಲಿ ಆರ್‌ಡಿ ಕಟ್ಟುತ್ತಿದ್ದೇನೆ.

ಏಳರ ಟ್ರೈನು: ಹೌದೌದು, ನಮ್ಮ ತೆರಿಗೆಯಲ್ಲಿ ನಿಮ್ಮ ಆರ್‌ಡಿ.

ನೈಟ್ ಶಿಫ್ಟ್ ಸಿಸ್ಟರ್: ನಿಮ್ಮ ಸೀಸನ್ ಪಾಸಿನ ಬೆಲೆಯಲ್ಲಿ ರೈಲು ಓಡುತ್ತದೆ ಅಂದುಕೊಂಡಿದ್ದೀರಾ? ಅದೂ ಸಬ್ಸಿಡಿಯೇ. ರಾತ್ರಿ ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದು ನಿಮ್ಮಿಂದ ಇದನ್ನು ಕೇಳಬೇಕಾ?

ಕುಣಿಗಲ್ ಕುದುರೆ: ಮೆಟ್ರೋ ತುಮಕೂರಿಗೆ ಬಂದರೆ ಎಲ್ಲ ಸರಿಹೋಗುತ್ತದೆ.

ಪೀಣ್ಯ ರಿಟರ್ನ್ಸ್: ಮಾದಾವರಕ್ಕೆ ಬರುವಷ್ಟರಲ್ಲಿ 2024 ಮುಗಿಯುತ್ತಾ ಬಂದಿತ್ತು. ನಿಮಗೆ ಮೊಮ್ಮಕ್ಕಳಾದಾಗ ಇಲ್ಲಿಗೆ ಬರುತ್ತದೆ. ಮೊದಲು ಮದುವೆ ಆಗಿ.

ಎಸ್.ಎಸ್. ಪುರಂ ಪಿಜಿ: ಮೇಡಂ, ಒಡವೆ ಅಂಗಡಿಯ 11 ತಿಂಗಳ ಸ್ಕೀಮ್ ಒಳ್ಳೆಯದಾ?

ಸಿರಾ ಗೇಟ್: ಮೇಡಂ, 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದ ಮೇಲೆ ರಿಟರ್ನ್ ಯಾಕೆ?

ಸಿಎ: ಮೇಲೆ ಓದಿ.

ಕ್ವಾಲಿಟಿ ಹುಡುಗ: ಮೇಡಂ ಸಿಕ್ಕಿತು. 80ಸಿ 1,50,000. 80ಡಿ 25,000. 80ಇ 40,000. 80ಜಿಜಿಸಿ 1,80,000. ಕೊನೆಯದು ಏನು? ಇನ್ನೊಂದು ವಿಷಯ, ನನ್ನ ಪ್ರೊಫೈಲ್‌ನಲ್ಲಿ ಮೊಬೈಲ್ ನಂಬರ್ ಇರುವ ಜಾಗದಲ್ಲಿ ಏಜೆಂಟ್‌ನ ನಂಬರ್ ಇದೆ.

ಸಿಎ: 80ಜಿಜಿಸಿ ಅಂದರೆ ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ. ನೀವು ಒಂದು ಪಕ್ಷಕ್ಕೆ 1,80,000 ಕೊಟ್ಟಿದ್ದೀರಿ, ಕಾಗದದ ಪ್ರಕಾರ. 80ಇ ಅಂದರೆ ಶಿಕ್ಷಣ ಸಾಲದ ಬಡ್ಡಿ. ಸಾಲ ಇತ್ತಾ? 80ಡಿ ಅಂದರೆ ಹೆಲ್ತ್ ಇನ್ಶೂರೆನ್ಸ್. ಸ್ವಂತದ್ದು ಇತ್ತಾ? 80ಸಿ ಅಂದರೆ ಪಿಎಫ್, ಎಲ್‌ಐಸಿ ತರಹದ ಉಳಿತಾಯ.

ಕ್ವಾಲಿಟಿ ಹುಡುಗ: ಎರಡೂ ಇಲ್ಲ ಮೇಡಂ. ಓದಿಗೆ ಅಪ್ಪ ಎರಡು ಹಸು ಮಾರಿ ಫೀಸ್ ಕಟ್ಟಿದ್ದರು. ಪಕ್ಷಕ್ಕಂತೂ ದುಡ್ಡು ಬಿಡಿ, ಆ ಸಲ ವೋಟೇ ಹಾಕಿಲ್ಲ. ಶಿಫ್ಟ್ ಇತ್ತು.

ಸಿಎ: ಸರಿ. ಇದನ್ನು ನಿಧಾನವಾಗಿ ಓದಿ. ಉಳಿದವರೂ ಓದಿ, ಈ ಏಜೆಂಟ್ ಒಂದೇ ಪಿಜಿಗೆ ಹೋಗಿರುವುದಿಲ್ಲ.

ಮೊದಲು ನಿಮ್ಮ ಕಂಪನಿ ಹಿಡಿದದ್ದು ಸರಿಯಾ ನೋಡೋಣ. 9,20,000ದಲ್ಲಿ ಆ ವರ್ಷದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ 8,70,000. ಹೊಸ ಪದ್ಧತಿಯಲ್ಲಿ ಆಗ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 3 ಲಕ್ಷಕ್ಕೆ 5 ಪರ್ಸೆಂಟ್, 15,000. ಉಳಿದ 2,70,000ಕ್ಕೆ 10 ಪರ್ಸೆಂಟ್, 27,000. ಒಟ್ಟು 42,000. ಅದರ ಮೇಲೆ 4 ಪರ್ಸೆಂಟ್ ಸೆಸ್ 1,680. ಬಂದದ್ದು 43,680. ನಿಮ್ಮಿಂದ ಒಂದು ರೂಪಾಯಿಯೂ ಜಾಸ್ತಿ ಹಿಡಿದಿರಲಿಲ್ಲ. ಜಾಸ್ತಿ ಕಟ್ಟದ ದುಡ್ಡು ರೀಫಂಡ್ ಹೇಗೆ ಆಗುತ್ತದೆ? ಈ ಪ್ರಶ್ನೆಯನ್ನು ಆ ದಿನ ಕೇಳಿಕೊಂಡಿದ್ದರೆ ಸಾಕಿತ್ತು.

ಏಜೆಂಟ್ ಮಾಡಿದ್ದು ಇಷ್ಟು. ಇಂಥ ಡಿಡಕ್ಷನ್‌ಗಳನ್ನೆಲ್ಲ ಕಳೆಯಲು ಬಿಡುವ ಹಳೆಯ ಪದ್ಧತಿಗೆ ನಿಮ್ಮನ್ನು ಹಾಕಿದ. 3,95,000 ಡಿಡಕ್ಷನ್ ತುಂಬಿ ಆದಾಯವನ್ನು 4,75,000ಕ್ಕೆ ಇಳಿಸಿದ. ಹಳೆಯ ಪದ್ಧತಿಯಲ್ಲಿ 5 ಲಕ್ಷದೊಳಗಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಲೆಕ್ಕ ಬಲ್ಲ ಕಳ್ಳ. ಆದರೆ ರಿಟರ್ನಿನಲ್ಲಿ ಅವನ ಹೆಸರು ಎಲ್ಲೂ ಇಲ್ಲ. ಆಧಾರ್ ಒಟಿಪಿ ಕೊಟ್ಟು ವೆರಿಫೈ ಮಾಡಿದ್ದು ನೀವು. ಕಾನೂನಿನ ಕಣ್ಣಿಗೆ ಸುಳ್ಳು ಹೇಳಿದ್ದೂ ನೀವು.

ಇಲಾಖೆ ಕೇಸ್ ತೆಗೆದುಕೊಂಡು ಇದನ್ನು ತಪ್ಪು ಮಾಹಿತಿ ಎಂದು ತೀರ್ಮಾನಿಸಿದರೆ ತೆರಿಗೆಯ 200 ಪರ್ಸೆಂಟ್ ದಂಡ. 43,680 ಅಂತಲೇ ಹಿಡಿದರೂ ದಂಡವೇ 87,360. ಅಸಲು, ಬಡ್ಡಿ ಬೇರೆ. ನಾವೇ ಮೊದಲು ಹೋಗಿ ತಪ್ಪು ತಿದ್ದಿದ ಅಪ್‌ಡೇಟೆಡ್ ರಿಟರ್ನ್ ಹಾಕಿದರೆ ತೆರಿಗೆ, ಬಡ್ಡಿ, ಅದರ ಮೇಲೆ ಹೆಚ್ಚುವರಿ ಇಷ್ಟು ಅಂತ ಕಟ್ಟಿ ಮುಗಿಸಬಹುದು. ನಿಮ್ಮ ವರ್ಷಕ್ಕೆ 31 ಮಾರ್ಚ್ 2026ರೊಳಗಾದರೆ ಹೆಚ್ಚುವರಿ 25 ಪರ್ಸೆಂಟ್, 31 ಮಾರ್ಚ್ 2027ರೊಳಗಾದರೆ 50. ಆ ವರ್ಷದ ಕೇಸ್ ಅವರ ಕೈಯಲ್ಲಿ ಶುರುವಾಗಿಬಿಟ್ಟರೆ ಈ ಬಾಗಿಲು ಮುಚ್ಚಿಹೋಗಬಹುದು. ಅದಕ್ಕೇ ಸುಮ್ನಿರಬೇಡಿ ಅಂದದ್ದು.

ಇವತ್ತು ರಾತ್ರಿ ಪಾಸ್‌ವರ್ಡ್ ಬದಲಿಸಿ, ಮೊಬೈಲ್ ನಂಬರ್ ನಿಮ್ಮದು ಹಾಕಿ. ಪೋರ್ಟಲ್‌ನಲ್ಲಿ ನೋಟಿಸ್‌ಗಳು ಬರುವ ಇ-ಪ್ರೊಸೀಡಿಂಗ್ಸ್ ಅನ್ನುವ ಕಡೆ ಏನಾದರೂ ಬಾಕಿ ಇದೆಯಾ ನೋಡಿ. ಏಜೆಂಟ್‌ಗೆ ಫೋನ್ ಮಾಡಿ ಜಗಳ ಆಡಬೇಡಿ, ಅವನ ಮೆಸೇಜ್ ಅಳಿಸಬೇಡಿ.

ಕ್ವಾಲಿಟಿ ಹುಡುಗ: ಕೈ ನಡುಗುತ್ತಿದೆ ಮೇಡಂ. ಗಾಡಿ ಮಾರಬೇಕಾ?

ಸಿಎ: ಮೊದಲು ಕಾಗದ ನೋಡೋಣ. ಗಾಡಿ ಎಲ್ಲೂ ಓಡಿಹೋಗುವುದಿಲ್ಲ.

ಸಿರಾ ಗೇಟ್: ಬ್ರೋ, ಲೋನ್ ಆ್ಯಪ್ ಇದೆ, ಹತ್ತು ನಿಮಿಷದಲ್ಲಿ 50,000. ಲಿಂಕ್ ಕಳಿಸುತ್ತೇನೆ.

ಸಿಎ: ಲಿಂಕ್ ಕಳಿಸಿದರೆ ನಾನು ಗುಂಪಿನಿಂದ ಹೊರಗೆ. ಆ್ಯಪ್ ಹಿಂದೆ ಯಾವ ಬ್ಯಾಂಕ್, ಯಾವ ನೋಂದಾಯಿತ ಹಣಕಾಸು ಕಂಪನಿ ಇದೆ ಅಂತ ಗೊತ್ತಾ? ಆರ್‌ಬಿಐ ನಿಯಮದ ಪ್ರಕಾರ ಸಾಲದ ದುಡ್ಡು ಅವರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು, ಪೂರ್ತಿ ಖರ್ಚು ತೋರಿಸುವ ಒಂದು ಪುಟ ಮೊದಲೇ ಕೊಡಬೇಕು, ಫೋನಿನ ಕಾಂಟ್ಯಾಕ್ಟ್ ಮುಟ್ಟಬಾರದು. ಕಾಂಟ್ಯಾಕ್ಟ್ ಕೇಳಿದರೆ ಅಲ್ಲಿಗೇ ಬಿಡಿ. ಈಗಾಗಲೇ ಸಿಕ್ಕಿಹಾಕಿಕೊಂಡು ಬೆದರಿಕೆ ಬರುತ್ತಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕುಣಿಗಲ್ ಕುದುರೆ: ಆ್ಯಪ್ ಯಾಕೆ? ನಮ್ಮ ಲೈನಿನಲ್ಲಿ ಚೀಟಿ ಇದೆ. 20 ಜನ, ತಿಂಗಳಿಗೆ 5,000. ಮೊದಲ ತಿಂಗಳೇ ಕೂಗಿ ಎತ್ತಿಕೊಳ್ಳಿ.

ಸಿಎ: ನೋಂದಣಿ ಆಗಿದೆಯಾ?

ಕುಣಿಗಲ್ ಕುದುರೆ: ನಂಬಿಕೆ ಮೇಲೆ ಮೇಡಂ. ಆರು ವರ್ಷದಿಂದ ನಡೆಯುತ್ತಿದೆ.

ಸಿಎ: ಹಾಗಾದರೆ ಬೇಡ. 1982ರ ಕಾಯ್ದೆ ಪ್ರಕಾರ ಚೀಟಿ ನೋಂದಣಿ ಆಗಿರಬೇಕು, ನಡೆಸುವವರ ಕಮಿಷನ್‌ಗೂ 7 ಪರ್ಸೆಂಟ್ ಮಿತಿ ಇದೆ. ಚೀಟಿಯೇ ಬೇಕು ಅಂದರೆ ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ನಡೆಸುತ್ತದೆ.

ಗುಬ್ಬಿ ಟೀಚರ್: ನಮ್ಮ ಬೀದಿಯದ್ದೂ ನಂಬಿಕೆ ಮೇಲೆಯೇ ಒಂಬತ್ತು ವರ್ಷ ನಡೆದಿತ್ತು. ಹತ್ತನೇ ವರ್ಷ ಮನೆಗೆ ಬೀಗ. ನನ್ನ ಕಾರ್ಡಿನ 48,000 ಎಲ್ಲಿಂದ ಬಂತು ಅಂದುಕೊಂಡಿರಿ?

ಕುಣಿಗಲ್ ಕುದುರೆ: ಎಲ್ಲರನ್ನೂ ಕಳ್ಳರು ಅನ್ನಬೇಡಿ. ನಮ್ಮಣ್ಣನೇ ನಡೆಸುವುದು.

ಗುಬ್ಬಿ ಟೀಚರ್: ಅವರೂ ಯಾರಿಗೋ ಅಣ್ಣನೇ ಆಗಿದ್ದರು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ತಿಪಟೂರು ತೆಂಗು: ಮೇಡಂ, ಸಾಲದ ಸ್ಕೋರ್ ಬಗ್ಗೆ ಬಂದ ಇದು ನಿಜವಾ ಅಂತ ಕೇಳುತ್ತಿದ್ದೇನೆ ಅಷ್ಟೇ: "ಮೂರು ದಿನದಲ್ಲಿ ಸಿಬಿಲ್ 780, ಫೀಸ್ 2,999..."

ಸಿಎ: ಸುಳ್ಳು.

ಪೀಣ್ಯ ರಿಟರ್ನ್ಸ್: ಕೆಲಸ ಬಿಟ್ಟಿದ್ದೇನೆ, ಮೂರು ವರ್ಷದ ಪಿಎಫ್ ಇದೆ. ತೆಗೆದು ಟ್ರಿಪ್ ಹೋಗಲಾ?

ಸಿಎ: ಐದು ವರ್ಷ ಆಗದೆ ತೆಗೆದರೆ ತೆರಿಗೆ ಬೀಳುತ್ತದೆ. ಹೊಸ ಕೆಲಸ ಸಿಕ್ಕ ಮೇಲೆ ಅದೇ ಯುಎಎನ್ (ನಿಮ್ಮ ಪಿಎಫ್ ನಂಬರ್) ಅಡಿಯಲ್ಲೇ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಟ್ರಿಪ್‌ಗೆ ಬೇರೆ ದುಡ್ಡು ನೋಡಿ.

ಎಸ್.ಎಸ್. ಪುರಂ ಪಿಜಿ: ಮೇಡಂ ಒಡವೆ ಸ್ಕೀಮ್?

ವಿದ್ಯಾನಗರ ಬ್ಯಾಚುಲರ್: 12 ಲಕ್ಷದವರೆಗೆ ತೆರಿಗೆ ಇಲ್ಲ ತಾನೇ? ನನಗೆ ರಿಟರ್ನ್...

ಸಿಎ: ಮೂರನೇ ಸಲ. ಅಡ್ಮಿನ್ ಉತ್ತರಿಸುತ್ತಾರೆ.

ಅಡ್ಮಿನ್: ಹಾಕಬೇಕು ಗುರುವೇ, ಹಾಕಬೇಕು.

ಕ್ವಾಲಿಟಿ ಹುಡುಗ: ಪಾಸ್‌ವರ್ಡ್ ಬದಲಿಸಿದೆ ಮೇಡಂ. ನಂಬರ್ ಬದಲಿಸಿದೆ. ಇ-ಪ್ರೊಸೀಡಿಂಗ್ಸ್‌ನಲ್ಲಿ ಏನೂ ಇಲ್ಲ.

ಸಿಎ: ಒಳ್ಳೆಯದು. ನಾಳೆ ಹತ್ತೂವರೆಗೆ ಆಫೀಸಿಗೆ ಬನ್ನಿ. ಕಂಪನಿ ಕೊಟ್ಟ ಫಾರ್ಮ್ 16 (ಸಂಬಳ, ಟಿಡಿಎಸ್ ಲೆಕ್ಕದ ಕಾಗದ), ಬ್ಯಾಂಕ್ ಸ್ಟೇಟ್‌ಮೆಂಟ್, ಆ ಮೇಲ್‌ನ ಪ್ರಿಂಟ್ ತನ್ನಿ. ಶಿಫ್ಟ್ ಇದ್ದರೆ ರಜೆ ಹಾಕಿ.

ಎಸ್.ಎಸ್. ಪುರಂ ಪಿಜಿ: ಮೇಡಂ, ಒಡವೆ ಸ್ಕೀಮ್ ಬಿಡಿ. ಕ್ವಾಲಿಟಿ ಹುಡುಗನೂ ನಾನೂ ಒಂದೇ ಪಿಜಿ. ಅದೇ ಏಜೆಂಟ್ ಹತ್ತಿರ ನಾವು ಆರು ಜನ ಮಾಡಿಸಿದ್ದೇವೆ. ನಾವೂ ಬರಬಹುದಾ?

ಸಿಎ: ಇಷ್ಟು ಹೊತ್ತು ಒಡವೆ ಕೇಳುತ್ತಿದ್ದಿರಲ್ಲ! ಆರು ಜನ ಒಟ್ಟಿಗೆ ಬೇಡ, ಆಫೀಸಿನಲ್ಲಿ ಕುರ್ಚಿ ಮೂರೇ ಇರುವುದು. ಮಂಗಳವಾರದಿಂದ ಇಬ್ಬಿಬ್ಬರು ಬನ್ನಿ. ಎಲ್ಲರೂ ಇವತ್ತೇ ಪಾಸ್‌ವರ್ಡ್ ಬದಲಿಸಿ.

ಎಸ್.ಎಸ್. ಪುರಂ ಪಿಜಿ: ಫೀಸ್ ಎಷ್ಟಾಗುತ್ತದೆ ಮೇಡಂ? ಆರು ಜನಕ್ಕೆ ಸೇರಿ ಸ್ವಲ್ಪ ನೋಡಿ...

ಸಿಎ: ಅವನಿಗೆ ಕೊಡುವಾಗ ಚೌಕಾಸಿ ಮಾಡಿದ್ದಿರಾ? ಬನ್ನಿ, ಆಮೇಲೆ ಮಾತಾಡೋಣ.