ಕ್ಲಾಸಲ್ಲಿ ಮಾತಾಡೋಕೆ ಬಾಯೇ ಬರಲ್ಲ, ಏನು ಮಾಡಲಿ?

ನಾನು ಕುಂದಗೋಳ ಕಡೆಯವನು. ಪಿಯುಸಿವರೆಗೂ ಕನ್ನಡ ಮಾಧ್ಯಮ. ಈಗ ಬೆಂಗಳೂರಲ್ಲಿ ಬಿಎ, ಅರ್ಥಶಾಸ್ತ್ರ. ಮೊನ್ನೆ 2020ರ ಎಪಿಎಂಸಿ (ಕೃಷಿ ಮಾರುಕಟ್ಟೆ) ಕಾಯ್ದೆ ತಿದ್ದುಪಡಿ, ಅಂದರೆ ರೈತರು ಮಾರುಕಟ್ಟೆ ಹೊರಗೂ ಬೆಳೆ ಮಾರಬಹುದು ಅಂತ ಮಾಡಿದ್ದರ ಬಗ್ಗೆ ಚರ್ಚೆ ಇತ್ತು. ದಲಾಲರೇ ಬೇಡ ಅಂತ ಒಬ್ಬಳು ಇಂಗ್ಲಿಷಲ್ಲಿ ಪಟಪಟ ಹೇಳಿದಳು. ನಮ್ಮಪ್ಪ ಮೆಣಸಿನಕಾಯಿ ಚೀಲ ಇಳಿಸುವುದೇ ಬ್ಯಾಡಗಿಯ ದಲಾಲರ ಅಂಗಡಿಯಲ್ಲಿ. ಬಿತ್ತನೆಗೆ ಮುಂಗಡ ಕೊಡುವವರೂ ಅವರೇ. ಇದನ್ನು ಹೇಳಬೇಕು ಅಂತ ವಾಕ್ಯ ಜೋಡಿಸುವಷ್ಟರಲ್ಲಿ ಬೆಲ್ ಹೊಡೆಯಿತು. ಇದು ಮೂರನೇ ಸಲ.

ಉತ್ತರ 1:
ಮೊದಲ ವಾಕ್ಯ ಮಾತ್ರ ನೋಟ್‌ಬುಕ್ ಅಂಚಲ್ಲಿ ಬರೆದಿಟ್ಟುಕೊಳ್ಳಿ. ‘ಮೈ ಫಾದರ್ ಸೆಲ್ಸ್ ಚಿಲ್ಲೀಸ್ ದೇರ್’, ಅಷ್ಟೇ. ಎಲ್ಲರೂ ತಿರುಗಿ ನೋಡ್ತಾರೆ. ನಾನೂ ಹೀಗೇ ಶುರು ಮಾಡಿದ್ದು. ಕೈಯಲ್ಲಿದ್ದ ಪೆನ್ನು ನಡುಗುತ್ತಿತ್ತು, ಅದು ಬೇರೆ ಮಾತು.

ಉತ್ತರ 2:
ನಾನು ಪಾಠ ಮಾಡುವವಳು. ‘ಕನ್ನಡದಲ್ಲಿ ಹೇಳಲಾ ಮೇಡಂ?’ ಅಂತ ಕೇಳಿಬಿಡಪ್ಪ. ನನ್ನ ಕ್ಲಾಸಲ್ಲಿ ಯಾರಿಗೂ ಬೇಡ ಅಂದಿಲ್ಲ. ಮತ್ತೆ, ಕೊನೆ ಬೆಂಚು ಬಿಡು. ಅಲ್ಲಿಂದ ಎತ್ತಿದ ಕೈ ನಮಗೆ ಕಾಣಿಸೋದೇ ಇಲ್ಲ.

ಪ್ರಶ್ನೆ ಕೇಳಿದವನು:
ಇವತ್ತು ಎರಡನೇ ಬೆಂಚಲ್ಲಿ ಕೂತೆ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಹೇಗೋ ಹೇಳಿದೆ. ‘ಮುಂಗಡಕ್ಕೆ ಬಡ್ಡಿ ಎಷ್ಟು?’ ಅಂದರು ಮೇಡಂ. ನನಗೇ ಗೊತ್ತಿಲ್ಲ! ರಾತ್ರಿ ಅಪ್ಪನಿಗೆ ಫೋನ್ ಮಾಡಬೇಕು.