ಐಸ್ ಹಾಕಿ ಸ್ಕೇಟ್: ಮುಂಗಾಲು ಅಗಲ, ಹಿಮ್ಮಡ ಸಣ್ಣ. ಬಾವರ್, ಸಿಸಿಎಂ, ಟ್ರೂ ಇದರಾಗ ಯಾವುದು ಕೂಡತೈತಿ?

ಉಣಕಲ್_ವೀಲ್ಸ್ (ಹುಬ್ಬಳ್ಳಿ)

ನಮಸ್ಕಾರ್ರೀ ಎಲ್ಲಾರಿಗೂ. ಇಲ್ಲಿ ಸಿಮೆಂಟ್ ರಿಂಕಿನ್ಯಾಗ ಇನ್‌ಲೈನ್ ಹಾಕಿ (ಒಂದ ಸಾಲಿನ ಗಾಲಿ ಸ್ಕೇಟಿನ ಆಟ) ಆಡತೀನಿ, ಈಗ ಐಸ್ ಸ್ಕೇಟ್ ತೊಗೋಬೇಕಾಗೈತಿ. ಮೊದಲು ಡೆಹ್ರಾಡೂನಿನ ಹಿಮಾದ್ರಿ ರಿಂಕು, ಆಮ್ಯಾಲೆ ಚಳಿಗಾಲದಾಗ ಲೇಹ್. ಹುಬ್ಬಳ್ಳಿ-ಧಾರವಾಡದಾಗ ಕಾಲಿಗೆ ಹಾಕ್ಕೊಂಡು ನೋಡಾಕ ಒಂದು ಅಂಗಡಿ ಇಲ್ಲ. ಹೊರದೇಶದಿಂದ ತರಿಸಿದ್ದನ್ನ ವಾಪಸ್ ಕಳಸೋದು ಸುಂಕ, ಕೊರಿಯರ್ ಲೆಕ್ಕದಾಗ ಹೊಂದಂಗಿಲ್ಲ. ಒಂದ ಸಲಕ್ಕ ಸರಿ ಬರಬೇಕು.

ಅಳತಿ: ಉದ್ದ 263 ಮಿ.ಮೀ., ಮುಂಗಾಲಿನ ಅಗಲ 104, ಹಿಮ್ಮಡದ ಅಗಲ 64. ಪಾದದ ಮ್ಯಾಲ್ಭಾಗ ಎತ್ತರ ಐತಿ. ತೂಕ 68 ಕೆ.ಜಿ. ದಿನಾ ಹಾಕೋ ಬೂಟು 8ನೇ ನಂಬರ್.

ಬಾವರ್ ಕಂಪನಿಯ ವೇಪರ್, ಸುಪ್ರೀಂ, ಸಿಸಿಎಂದ ಜೆಟ್‌ಸ್ಪೀಡ್, ಟ್ಯಾಕ್ಸ್, ಇಲ್ಲಾ ಟ್ರೂ, ಇಷ್ಟರಾಗ ಯಾವುದು? ‘ಒಂದೂವರಿ ನಂಬರ್ ಕಡಿಮಿ ತೊಗೋ’ ಅಂತಾರಲ್ಲ, ಅಂದ್ರ 6.5 ಹೇಳಬೇಕೇನು? ಅದ ಬೂಟಿಗೆ ಊರಾಗ ಇದ್ದಾಗ ಗಾಲಿ ಹಾಕಾಕ ಬರತೈತೇನು?

---

ಸಪ್ತಾಪುರ_ಎಜ್ (ಧಾರವಾಡ)

6.5 ತರಿಸಬ್ಯಾಡ್ರಿ. ನಮ್ಮ ಅಂಗಡಿಯೊಳಗಿನ 8 ಅಂದ್ರ ಬ್ರಿಟಿಷ್ 8, ಅಮೆರಿಕದ ಲೆಕ್ಕಕ್ಕ ಅದು 9. ಒಂದೂವರಿ ಕಳಿಯೋ ಸೂತ್ರ ಅಮೆರಿಕದ ನಂಬರಿಗೆ ಹಚ್ಚೋದು. 9ರಾಗ ಕಳದ್ರ 7.5. ನಿಮ್ಮ 263ಕ್ಕ 7 ಇಲ್ಲಾ 7.5, ಇದರಾಚೆ ಹೋಗೋದು ಬ್ಯಾಡ. ಅರ್ಧ ನಂಬರಿಗೆ ಉದ್ದದಾಗ ಸುಮಾರು 4 ಮಿ.ಮೀ. ಫರಕು ಅಷ್ಟ, ಅದಕ್ಕ ಅಳಿಯೋದ್ರಾಗ 4 ಮಿ.ಮೀ. ತಪ್ಪಿದ್ರ ಸ್ಕೇಟೂ ತಪ್ಪಿತು.

ಹಂಗಾಗಿ ಇನ್ನೊಮ್ಮೆ ಅಳೀರಿ. ಸಂಜೀಮುಂದ, ಪಾದ ಸ್ವಲ್ಪ ಬಾತಿರ್ತದಲ್ಲ, ಆವಾಗ. ಆಟಕ್ಕ ಹಾಕೋ ತೆಳು ಸಾಕ್ಸ್ ಹಾಕ್ಕೊಂಡು, ಹಿಮ್ಮಡ ಗೋಡಿಗೆ ಹಚ್ಚಿ, ಪೂರ್ತಿ ಭಾರ ಹಾಕಿ ನಿಂದರ್ರಿ. ಕೂತು ಅಳದ್ರ ಉದ್ದ, ಅಗಲ ಎರಡೂ ಕಡಿಮಿ ಬರ್ತಾವ. ಉದ್ದನ್ನ ಬಟ್ಟಿನ ಮುಂದ ಒಂದು ದಪ್ಪ ಪುಸ್ತಕ ನೆಟ್ಟಗ ಇಟ್ಟು ಗೋಡಿಯಿಂದ ಪುಸ್ತಕದ ತನಕ ಅಳೀರಿ. ಪೆನ್ಸಿಲಿನಿಂದ ಪಾದ ಬರಕೊಳ್ಳೋದಾದ್ರ ಪೆನ್ಸಿಲ್ ಓರೆ ಆಗಬಾರದು, ಓರೆ ಆದ್ರ ಎರಡೂ ಕಡೆ ಸೇರಿ 4–5 ಮಿ.ಮೀ. ಸುಳ್ಳ ಅಗಲ ಬರ್ತದ. ಎರಡೂ ಕಾಲು ಅಳೀರಿ, ಉದ್ದ ಇದ್ದದ್ದಕ್ಕ ನಂಬರ್ ಹಿಡೀರಿ.

ಇನ್ನ ಕಂಪನಿ ಮಾತು. ಬಾವರ್‌ದವರು 2020ರಿಂದ ಡಿ, ಇಇ ಅನ್ನೋ ಅಗಲದ ಅಕ್ಷರ ಬಿಟ್ಟು ಫಿಟ್ 1, 2, 3 ಮಾಡ್ಯಾರ. ಇದು ಬರೇ ಅಗಲ ಅಲ್ಲ, ಒಳಗಿನ ಒಟ್ಟು ಜಾಗದ ಲೆಕ್ಕ. 1ರಾಗ ಹಿಮ್ಮಡ ಸಣ್ಣ, ಆಳ ಕಡಿಮಿ. 3ರಾಗ ಎಲ್ಲಾ ಕಡೆ ಸಡಿಲ. ‘ವೇಪರ್ ಸಣ್ಣ ಪಾದಕ್ಕ, ನೆಕ್ಸಸ್ ಅಗಲ ಪಾದಕ್ಕ’ ಅಂತ ಹಳೇ ಬರಹದಾಗ ಇರ್ತದ, ಅದನ್ನ ನಂಬಿ ಕೂಡಬ್ಯಾಡ್ರಿ. ನೆಕ್ಸಸ್ ಸ್ಕೇಟು ನಿಂತು ಹೋತು, ವೇಪರ್‌ನಾಗೂ ಸುಪ್ರೀಂನಾಗೂ ಮೂರೂ ಫಿಟ್ ಸಿಗ್ತಾವ. ಈಗ ಹೆಸರು ನೋಡಿ ಅಲ್ಲ, ಫಿಟ್ ನಂಬರ್ ನೋಡಿ ಆರಿಸೋದು.

ನಿಮ್ಮ ಪೇಚು ಇಲ್ಲೇ ಅದ. ಮುಂಗಾಲು 3 ಕೇಳ್ತದ, ಹಿಮ್ಮಡ 1 ಕೇಳ್ತದ. ಮುಂಗಾಲಿಗೆ ಹೆದರಿ 3 ತೊಗೊಂಡ್ರ ಹಿಮ್ಮಡ ಒಳಗ ಎದ್ದು ಎದ್ದು ಕೂಡ್ತದ. ಅದನ್ನ ತಡೀಲಿಕ್ಕೆ ಲೇಸ್ ಜಗ್ಗಿ ಜಗ್ಗಿ ಕಟ್ಟತೀರಿ, ಕಡೀಕೆ ಪಾದದ ಮ್ಯಾಲಿನ ನರ, ಸ್ನಾಯುರಜ್ಜು ನೋಯ್ಲಿಕ್ಕೆ ಹತ್ತತಾವ. ಸಣ್ಣದಿದ್ದಲ್ಲಿ ಹಿಗ್ಗಿಸಬಹುದು, ಸಡಿಲ ಇದ್ದಲ್ಲಿ ಕುಗ್ಗಿಸ್ಲಿಕ್ಕೆ ಬರೂದಿಲ್ಲ. ಅದಕ್ಕ ಬಾವರ್ ಆದ್ರ ಫಿಟ್ 2, ಮುಂಗಾಲಿನ ಪಕ್ಕ ಬಿಸಿ ಮಾಡಿ ಪಂಚ್ (ಒಳಗಿಂದ ಒತ್ತಿ ಹಿಗ್ಗಿಸೋದು). ಬಟ್ಟಿನ ಮುಂದಿನ ಗಟ್ಟಿ ಟೋಪಿ ಮಾತ್ರ ಹಿಗ್ಗೂದಿಲ್ಲ, ಒತ್ತಡ ಅಲ್ಲಿದ್ದರ ಪಂಚ್ ಕೆಲಸಕ್ಕ ಬರೂದಿಲ್ಲ.

ಸಿಸಿಎಂದಾಗ ಟೇಪರ್ಡ್ (ಬಿಗಿ), ರೆಗ್ಯುಲರ್, ವೈಡ್ (ಅಗಲ) ಅಂತ ಮೂರು. ನಿಮಗ ರೆಗ್ಯುಲರ್‌ನಿಂದ ಶುರು. ಟ್ಯಾಕ್ಸ್‌ನ ಮ್ಯಾಲಿನ ದರ್ಜೆ ಮಾಡಲ್‌ನಾಗ ತಳ ಬೇರೆ, ಗೋಡಿ ಬೇರೆ ಮಾಡಿ ಅಂಟಸೋದು ಬಿಟ್ಟು ಒಂದ ಅಚ್ಚಿನಾಗ ತಗೀತಾರ. ಹಿಮ್ಮಡದ ಕೆಳಗ ಸಂದಿ ಉಳಿಯೂದಿಲ್ಲ, ಸಣ್ಣ ಹಿಮ್ಮಡದವರಿಗೆ ಇದು ಖರೇನ ಅನುಕೂಲ.

ಇಷ್ಟರಾಗ ನನ್ನ ಮತ ಟ್ರೂಕ್ಕ. 2016ರಾಗ ಟ್ರೂದವರು ವಿನಿಪೆಗ್‌ನ ವಿಎಚ್ ಫುಟ್‌ವೇರ್ ಕೊಂಡ್ರು, ಸ್ಕೇಟಿನ ಮೂಲ ಅದು. ಗೋಡಿ, ತಳ ಎಲ್ಲಾ ಒಂದ ಕಾರ್ಬನ್ ಚಿಪ್ಪು. ಪಾದದ ಆಕಾರಕ್ಕ ತರಲಿಕ್ಕೆ ಹೊಸಾ ಸ್ಕೇಟು ಓವನ್‌ನಾಗ ಬಿಸಿ ಮಾಡ್ತಾರ (ಬೇಕಿಂಗ್), ಆವಾಗ ಇದು ಉಳಿದವಕ್ಕಿಂತ ಹೆಚ್ಚು ಮೆತ್ತಗಾಗಿ ಪಾದಕ್ಕ ಸುತ್ತಕೋತದ. ನಿಮ್ಮಂಥ ಬೆರಕಿ ಪಾದಕ್ಕ ಇದು ಬೇಕು. ರೊಕ್ಕ ಇದ್ದರ ಪಾದದ ಸ್ಕ್ಯಾನ್ ಕೊಟ್ಟು ಕಸ್ಟಮ್ ಮಾಡಸ್ರಿ, ಆವಾಗ ಎರಡೂ ಕಾಲಿಗೆ ಬೇರೆ ಬೇರೆ ಅಳತಿ ಕೊಡಬಹುದು.

ಪಾರ್ಸಲ್ ಬಂದ ದಿನ ಜಮಖಾನಿ ಮ್ಯಾಲ ನಿಂತು ನೋಡ್ರಿ, ಫರಸಿ ಮ್ಯಾಲ ಬ್ಯಾಡ. ನೆಟ್ಟಗ ನಿಂತಾಗ ಬಟ್ಟು ಟೋಪಿಗೆ ಹಗುರ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದ ಸರದು ಬಿಡುಗಡಿ ಆಗಬೇಕು. ಬಗ್ಗಿಸಿದ ಮ್ಯಾಲೂ ಒತ್ತತಿದ್ದರ ಸಣ್ಣ. ಆಮ್ಯಾಲೆ ಲೇಸ್ ಸಡಿಲಿಸಿ, ನಾಲಗಿ ಮುಂದ ಎಳದು, ಮ್ಯಾಲಿಂದ ಮೂರನೇ ಜೋಡಿ ತೂತಿನ ಮ್ಯಾಲ ಒಂದು ಪೆನ್ಸಿಲ್ ಅಡ್ಡ ಇಡ್ರಿ. ಪೆನ್ಸಿಲ್ ಎರಡೂ ಅಂಚಿಗೆ ಕೂತ್ರ ಆಳ ಸರಿ. ಪಾದಕ್ಕ ತಾಗಿ ತೊಟ್ಟಲದಂಗ ತೂಗಿದ್ರ ಬೂಟು ನಿಮ್ಮ ಎತ್ತರದ ಪಾದಕ್ಕ ಆಳ ಸಾಲದು. ಇಂಥಾದ್ರಾಗ ಲೇಸ್ ಕಡಿತ (ಲೇಸ್ ಒತ್ತಿ ಪಾದದ ಮ್ಯಾಲ್ಭಾಗ ನೋಯೋದು) ಶುರು ಆತಂದ್ರ ಯಾವ ಜೆಲ್ ಪಟ್ಟೀನೂ ಉಳಸೂದಿಲ್ಲ. ನಿಮ್ಮ ವಿಷಯದಾಗ ಅಗಲಕ್ಕಿಂತ ಈ ಪೆನ್ಸಿಲ್ ಪರೀಕ್ಷಾ ದೊಡ್ಡದು.

---

ಬೆಟಗೇರಿ_ಸ್ಟೀಲ್ (ಗದಗ)

ಫಿಟ್ ಬಗ್ಗೆ ಸಪ್ತಾಪುರದವರು ಹೇಳಿದ್ದು ಒಪ್ಪಿದೆ. ಒಂದು ಮಾತಿಗೆ ಮಾತ್ರ ತಕರಾರಿದೆ: 68 ಕೆ.ಜಿ. ತೂಕಕ್ಕೆ, ಅದೂ ಮೊದಲ ಐಸ್ ಸ್ಕೇಟಿಗೆ, ಎಲ್ಲಕ್ಕಿಂತ ಮೇಲಿನ ಮಾಡಲ್ ಬೇಕಿಲ್ಲ. ಮೇಲ್ದರ್ಜೆ ಬೂಟಿನ ಗಡಸುತನ ದೊಡ್ಡ ಮೈಯ, ದಿನಾ ಐಸ್ ಸಿಗುವ ಆಟಗಾರರ ಲೆಕ್ಕದ್ದು. ಹಗುರದವರಿಗೆ ಅದು ಮುಂದಕ್ಕೆ ಬಗ್ಗುವುದಿಲ್ಲ. ಪಾದದ ಗಂಟು ಬಗ್ಗದಿದ್ದರೆ ಮೊಣಕಾಲು ಬಗ್ಗದು, ಭಾರ ಹಿಮ್ಮಡಕ್ಕೆ ಹೋಗುತ್ತದೆ, ಪ್ರತಿ ತಳ್ಳು ಗಿಡ್ಡ ಆಗುತ್ತದೆ. ಅದೇ ಸಾಲಿನಲ್ಲಿ ಒಂದು ಅಥವಾ ಎರಡು ಮೆಟ್ಟಿಲು ಕೆಳಗಿನದನ್ನು ತಗೊಂಡು, ಉಳಿದ ದುಡ್ಡನ್ನು ಸ್ಟೀಲಿಗೆ (ಬೂಟಿನ ತಳದ ಬ್ಲೇಡ್ ಪಟ್ಟಿಗೆ) ಹಾಕಿ.

ಯಾಕೆಂದರೆ ನಿಮ್ಮ ನಿಜವಾದ ಕಷ್ಟ ಧಾರ ಹಿಡಿಸುವುದು. ಆಟಗಾರರ ಸ್ಕೇಟಿನ ಪಟ್ಟಿಯ ದಪ್ಪ ಸುಮಾರು 2.9 ಮಿ.ಮೀ. ಅದರ ತಳಕ್ಕೆ ಉದ್ದಕ್ಕೂ ಒಂದು ಹಳ್ಳ ತೆಗೆಯುತ್ತಾರೆ, ಹಳ್ಳದ ಎರಡು ಬದಿಯ ಅಂಚೇ ಧಾರ. ಹಳ್ಳದ ಅಳತೆಯನ್ನು ಇಂಚಿನಲ್ಲಿ ತ್ರಿಜ್ಯವಾಗಿ ಹೇಳುತ್ತಾರೆ. ಅರ್ಧ ಇಂಚು ಅಂದರೆ ಹಳ್ಳ ಆಳ, ಐಸಿಗೆ ಚೆನ್ನಾಗಿ ಕಚ್ಚುತ್ತದೆ. ಐದೆಂಟಾಂಶ (5/8) ಇಂಚು ಅಂದರೆ ಹಳ್ಳ ತೆಳು, ಜಾರಿಕೆ ಹೆಚ್ಚು, ನಿಲ್ಲುವಾಗ ಕಾಲಿಗೆ ಜಗ್ಗು ಕಡಿಮೆ. ಡೆಹ್ರಾಡೂನಿನ ಒಳಾಂಗಣ ಐಸಿಗೆ ಐದೆಂಟಾಂಶದಿಂದ ಶುರು ಮಾಡಿ. ಲೇಹ್ 3,500 ಮೀಟರ್ ಎತ್ತರದ ಊರು. ಅಲ್ಲಿ ಬಯಲಿನಲ್ಲಿ ಚಳಿಗೆ ಕಟ್ಟಿದ ಐಸ್ ಗಡಸು, ಅದಕ್ಕೆ ಅರ್ಧ ಇಂಚು. ಮೇಲೆ ಗಾಳಿಗೆ ಬಂದ ಮಣ್ಣು, ಉಸುಕು ಕೂತಿರುತ್ತದೆ, ಧಾರ ಬೇಗ ಸಾಯುತ್ತದೆ.

ಹಂಗಾಗಿ ಪಟ್ಟಿ ಬದಲಿಸಲು ಬರುವ ಹೋಲ್ಡರ್ (ಪಟ್ಟಿಯನ್ನು ಬೂಟಿನ ತಳಕ್ಕೆ ಹಿಡಿದಿಡುವ ಭಾಗ) ಇದ್ದದ್ದನ್ನೇ ಆರಿಸಿ. ಬಾವರ್‌ನ ಟೂಕ್ ಎಜ್‌ನಲ್ಲಿ ಒಂದು ಟ್ರಿಗರ್ ಒತ್ತಿದರೆ ಪಟ್ಟಿ ಕೈಗೆ ಬರುತ್ತದೆ, ಸಿಸಿಎಂ ಎಕ್ಸ್‌ಎಸ್‌ನಲ್ಲಿ ಇದೇ ಕೆಲಸಕ್ಕೆ ಬ್ಲೇಡ್‌ಲಾಕ್ ಇದೆ. ಮೂರು ಜೊತೆ ಪಟ್ಟಿ ಕೊಂಡು, ಒಂದೇ ಕಡೆ ಧಾರ ಹಿಡಿಸಿ, ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪಟ್ಟಿ ಕೊಳ್ಳುವಾಗ ಬೂಟಿನ ನಂಬರ್ ಹೇಳಬೇಡಿ. ಹೋಲ್ಡರಿನ ಮೇಲೆ 263, 272, 280 ಹೀಗೆ ಮಿ.ಮೀ. ಬರೆದಿರುತ್ತದೆ, ಅದನ್ನು ಓದಿ ಹೇಳಿ.

ಗೋಕುಲ ರೋಡಿನ ಯಾವುದಾದರೂ ವರ್ಕ್‌ಶಾಪಿನಲ್ಲಿ ಬೆಂಚ್ ಗ್ರೈಂಡರಿಗೆ ಹಿಡಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಅಲ್ಲಿ ಹಳ್ಳ ಬರುವುದಿಲ್ಲ, ಪಟ್ಟಿ ಚಪ್ಪಟೆ ಆಗುತ್ತದೆ. ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿನ ಹದ ಹೋಯಿತು, ಎಷ್ಟು ಧಾರ ಹಿಡಿದರೂ ನಿಲ್ಲದು. ಧಾರ ಹಿಡಿದು ಬಂದ ಪಟ್ಟಿಯನ್ನು ಹೀಗೆ ನೋಡಿ: ಸ್ಕೇಟು ತಲೆಕೆಳಗೆ ಮಾಡಿ ಪಟ್ಟಿಗೆ ಅಡ್ಡ ಒಂದು ನಾಣ್ಯ ಕೂಡಿಸಿ ಹಿಂದಿನಿಂದ ಕಣ್ಣು ಹಾಯಿಸಿ. ನಾಣ್ಯ ಒಂದು ಕಡೆ ವಾಲಿದ್ದರೆ ಒಂದು ಅಂಚು ಎತ್ತರ, ಒಂದು ತಗ್ಗು. ಆ ಸ್ಕೇಟು ಒಂದೇ ಬದಿಗೆ ಎಳೆಯುತ್ತದೆ, ನೀವು ನಿಮ್ಮ ಕಾಲನ್ನು ಬೈಯುತ್ತೀರಿ.

ಮಳೆಗಾಲದಲ್ಲಿ ನಮ್ಮ ಕಡೆ ಪಟ್ಟಿಗೆ ತುಕ್ಕು ಹಿಡಿಯಲು ಎರಡು ದಿನ ಸಾಕು. ಒರೆಸಿ, ಹೊಲಿಗೆ ಮಷಿನ್ ಎಣ್ಣೆ ತೆಳುವಾಗಿ ಸವರಿ, ಬಟ್ಟೆ ಕವರಿನಲ್ಲಿ ಇಡಿ. ಪ್ಲಾಸ್ಟಿಕ್ ಗಾರ್ಡ್ ನಡೆಯಲು ಮಾತ್ರ. ಅದನ್ನು ಹಾಕಿಯೇ ಇಟ್ಟರೆ ಒಳಗೆ ನೀರು ನಿಂತು ತುಕ್ಕು ಖಾತ್ರಿ.

---

ರಾಣೆಬೆನ್ನೂರ್_ಚಾಸಿಸ್ (ಹಾವೇರಿ ಜಿಲ್ಲೆ)

ಗಾಲಿ ಪ್ರಶ್ನೆಗೆ: ಬರತೈತ್ರಿ, ಆದ್ರ ಹಿಂದಮುಂದ ಮಾಡಾಕ ಬರಂಗಿಲ್ಲ. ಐಸ್ ಹೋಲ್ಡರ್ ರಿವೆಟ್ ಹೊಡದು ಕೂಡಿಸಿರ್ತಾರ. ರಿವೆಟ್ ತಲಿ ಡ್ರಿಲ್ ಮಾಡಿ ತಗದು ಇನ್‌ಲೈನ್ ಚಾಸಿಸ್ (ಗಾಲಿ ಹಿಡಿಯೋ ಚೌಕಟ್ಟು) ಕೂಡಸಬಹುದು, ಆದ್ರ ಚಾಸಿಸ್‌ನ ತೂತು ಹಳೇ ತೂತಿಗೆ ಎಲ್ಲಾ ಕೂಡಂಗಿಲ್ಲ, ಹೊಸಾವು ಹೊಡೀಬೇಕು. ಎರಡು ಸಲ ಅದಲಬದಲ ಮಾಡಿದ್ರ ತಳ ಜಾಳಿಗಿ. ಒಂದ ಅಚ್ಚಿನ ಕಾರ್ಬನ್ ಬೂಟಾದ್ರ ನೀವು ತಳಕ್ಕಷ್ಟ ಅಲ್ಲ, ಇಡೀ ಚಿಪ್ಪಿಗೇ ತೂತು ಹೊಡದಂಗ, ವಾರಂಟಿನೂ ಹೋಗತೈತಿ.

ಹೊಸಾ ಐಸ್ ಬೂಟು ಮುಟ್ಟಬ್ಯಾಡ್ರಿ. ಈಗಿನ ಇನ್‌ಲೈನ್ ಬೂಟ ಊರಾಗ ಇರಲಿ. ಚಾಸಿಸ್ ಬದಲಿಸೋದಿದ್ರ ಹೈ-ಲೋ ನೋಡ್ರಿ, ಮುಂದ 76, ಹಿಂದ 80 ಮಿ.ಮೀ. ಗಾಲಿ, ಐಸಿನಂಗ ಮುಂದ ವಾಲಿ ನಿಲ್ಲಾಕ ರೂಢಿ ಆಗತೈತಿ. ಸಿಮೆಂಟಿಗೆ 82ಎ–84ಎ ಗಡಸಿನ ಗಾಲಿ, ಮೆತ್ತಂದು ಹಾಕಿದ್ರ ರಬ್ಬರ್ ಅಳಿಸಿದಂಗ ಸವೀತಾವ.

ಒಂದು ಫರಕು ಮೊದಲ ಗೊತ್ತಿರಲಿ. ನಾಲ್ಕು ಗಾಲಿ ಒಂದ ಸಾಲಿಗೆ ನೆಲಕ್ಕ ಕೂತಿರ್ತಾವ, ಐಸ್ ಪಟ್ಟಿ ತೊಟ್ಟಲದಂಗ ಬಾಗಿರತೈತಿ, ನೆಲಕ್ಕ ತಾಗೋದು ನಡುವಿನ ಒಂದಿಷ್ಟ. ಗಾಲಿ ಮ್ಯಾಲಿಂದ ಬಂದವರಿಗೆ ಮುಂದಹಿಂದ ತೂಗಿದಂಗ ಆಗತೈತಿ. ಪ್ರೊಫೈಲ್ ಮಾಡಸೋದಿದ್ರ (ಪಟ್ಟಿಯ ಉದ್ದದ ಬಾಗು ತಿದ್ದಸೋದು, ಅಳತಿ ಬಾಗಿನ ತ್ರಿಜ್ಯದ್ದು) 9 ಅಡಿ ಬಾಗು ಬಿಟ್ಟು 10 ಇಲ್ಲಾ 11 ಅಡಿ ಕೇಳ್ರಿ, ನೆಲಕ್ಕ ತಾಗೋ ಉದ್ದ ಹೆಚ್ಚು ಸಿಗತೈತಿ.

---

ಉಣಕಲ್_ವೀಲ್ಸ್ (ಹುಬ್ಬಳ್ಳಿ)

ಭಾಳ ಉಪಕಾರ ಆತ್ರಿ. ಪುಸ್ತಕ ಇಟ್ಟು ಅಳದ್ರ ಎಡಗಾಲು 261, ಬಲಗಾಲು 264. ಪೆನ್ಸಿಲ್ ಪರೀಕ್ಷಾ ಇನ್‌ಲೈನ್ ಬೂಟಿಗೆ ಮಾಡಿ ನೋಡಿದ್ರ ಪಕ್ಕಾ ತೂಗತೈತಿ. ಇನ್ನೊಂದು: ಬೇಕಿಂಗ್ ಮನಿ ಓವನ್‌ನಾಗ ಮಾಡಬಹುದೇನು?

---

ಸಪ್ತಾಪುರ_ಎಜ್ (ಧಾರವಾಡ)

264 ಅಂದ್ರ 7.5 ಹಿಡೀರಿ, ಎಡಕ್ಕ ಸ್ವಲ್ಪ ದಪ್ಪ ಇನ್‌ಸೋಲ್. ಪೆನ್ಸಿಲ್ ತೂಗಿದ್ದಕ್ಕ ಟೇಪರ್ಡ್, ಫಿಟ್ 1 ಎರಡೂ ಯಾದಿಯಿಂದ ತಗದುಬಿಡ್ರಿ.

ಓವನ್: ಮ್ಯಾಲ ಕೆಂಪಗೆ ಕಾಯೋ ಕಾಯಿಲ್ ಇರೋ ಓಟಿಜಿ ಬ್ಯಾಡ, ಸ್ಕೇಟು ಕಾಯಿಲಿಗೆ ಹತ್ತಿರ ಬಂದು ಅಂಟು, ಫೋಮ್ ಸುಡ್ತದ. ಗ್ಯಾಸ್ ಓವನ್ ಬ್ಯಾಡೇ ಬ್ಯಾಡ. ಫ್ಯಾನ್ ತಿರುಗೋ ಕನ್ವೆಕ್ಷನ್ ಇದ್ದರ 80 ಡಿಗ್ರಿ ಸೆಲ್ಸಿಯಸ್, ಅದೂ ಒಂದು ಬೇರೆ ಥರ್ಮಾಮೀಟರ್ ಒಳಗಿಟ್ಟು ಖಾತ್ರಿ ಮಾಡಿಕೊಂಡು. ಎಷ್ಟು ನಿಮಿಷ ಅನ್ನೋದು ಮಾಡಲ್ ಮ್ಯಾಲ, ಡಬ್ಬಿಯೊಳಗಿನ ಚೀಟಿ ನೋಡ್ರಿ. ಒಂದೊಂದ ಸ್ಕೇಟು ಮಾಡ್ರಿ.

ತಗದ ಕೂಡಲೇ ಕಾಲು ಹಾಕಿ, ಹಿಮ್ಮಡ ಎರಡು ಸಲ ಹಿಂದಕ್ಕ ಕುಟ್ಟಿ ಕೂಡಿಸಿ, ಲೇಸ್ ಕಟ್ರಿ. ಬಿಸಿ ಇದ್ದಾಗ ಲೇಸನ್ನ ಮ್ಯಾಲಕ್ಕ ಜಗ್ಗಿದ್ರ ಐಲೆಟ್ (ಲೇಸ್ ತೂತಿನ ಉಂಗುರ) ಕಿತ್ತು ಬರ್ತದ, ಪಕ್ಕಕ್ಕ ಜಗ್ರಿ. ಕುರ್ಚಿ ಮ್ಯಾಲ ಮೊಣಕಾಲು ಬಟ್ಟಿನ ಮುಂದ ಬರೋಹಂಗ ಕೂತು 10–15 ನಿಮಿಷ ಅಲುಗಾಡಬ್ಯಾಡ್ರಿ. ಎದ್ದು ನಿಂತ್ರ ಹಿಮ್ಮಡದ ಅಚ್ಚು ಅಗಲ ಆಗ್ತದ, ನಿಮಗ ಬ್ಯಾಡಾದದ್ದ ಅದು. ತಗೀಬೇಕಾದ್ರ ಲೇಸ್ ಪೂರ್ತಿ ಸಡಿಲಿಸಿ ತಗೀರಿ, ಆಮ್ಯಾಲೆ 24 ತಾಸು ಮುಟ್ಟಬ್ಯಾಡ್ರಿ.